ಕಂಪ್ಯೂಟರಿಗೆ 43 ಇಂಚಿನ ಟಿವಿ: ಕೆಂಪು ಅಕ್ಷರ ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ

ಮಾನಿಟರ್ ಬದಲು ಟಿವಿ ಇಟ್ಟುಕೊಳ್ಳಬಹುದಾ ಅಂತ ನನ್ನ ಹತ್ತಿರ ಕೇಳುವವರು ಜಾಸ್ತಿಯಾಗಿದ್ದಾರೆ. ಇಟ್ಟುಕೊಳ್ಳಬಹುದು. ನಾನು ಮಂಗಳೂರಿನ ಬಿಜೈಯಲ್ಲಿ ಡಿಟಿಪಿ ಕೆಲಸ ಮಾಡುವವನು. ಮದುವೆ ಕಾಗದ, ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಪೋಸ್ಟರ್, ಇದೇ ನನ್ನ ದಿನದ ಕೆಲಸ. 43 ಇಂಚಿನ 4ಕೆ ಎಲ್‌ಇಡಿ ಟಿವಿಯನ್ನೇ ಕಂಪ್ಯೂಟರಿಗೆ ಸಿಕ್ಕಿಸಿಕೊಂಡು ಒಂದಿಡೀ ಜಾತ್ರೆ ಸೀಸನ್ ಮುಗಿಸಿದ್ದೇನೆ, ಮಳೆಗಾಲವೂ ದಾಟಿದೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಮಾಡೆಲ್ ವರ್ಷ ವರ್ಷ ಬದಲಾಗುತ್ತೆ, ಒಂದೇ ಕಂಪನಿಯ ಎರಡು ಮಾಡೆಲ್ ಒಂದೇ ಥರ ಇರೋದಿಲ್ಲ, ಹಾಗಾಗಿ ಅಂಗಡಿಯಲ್ಲಿ ಏನು ನೋಡಬೇಕು ಅಂತ ಗೊತ್ತಿದ್ದರೆ ಸಾಕು.

ಮೊದಲು ಸೈಜ್ ವಿಷಯ. 32 ಇಂಚಿನ ಅಗ್ಗದ ಟಿವಿ ಕಡೆ ಹೋಗಲೇಬೇಡಿ. ಅವುಗಳಲ್ಲಿ ಹೆಚ್ಚಿನವು 1366x768, ಅಂದರೆ ಇಂಚಿಗೆ 49 ಪಿಕ್ಸೆಲ್ (ಚಿತ್ರ ಮೂಡಿಸುವ ಚುಕ್ಕೆ) ಅಷ್ಟೇ, ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ. 24 ಇಂಚಿನ ಫುಲ್ ಎಚ್‌ಡಿ ಮಾನಿಟರಲ್ಲಿ ಇಂಚಿಗೆ ಸುಮಾರು 92 ಇರುತ್ತೆ. 43 ಇಂಚಿನ 4ಕೆ ಟಿವಿಯಲ್ಲಿ ಸುಮಾರು 102. ಹಾಗಾಗಿ ವಿಂಡೋಸಲ್ಲಿ ಅಕ್ಷರ ದೊಡ್ಡದು ಮಾಡುವ ಸ್ಕೇಲಿಂಗನ್ನು 100 ಪರ್ಸೆಂಟ್‌ಗೇ ಇಟ್ಟು ಕೆಲಸ ಮಾಡಬಹುದು, ಜಾಗ ನಾಲ್ಕು ಫುಲ್ ಎಚ್‌ಡಿ ಮಾನಿಟರ್ ಜೋಡಿಸಿದಷ್ಟು. ಪರದೆಯ ಅಗಲ 95 ಸೆಂಟಿಮೀಟರ್, ಎತ್ತರ 53. ಎರಡು ಎ3 ಹಾಳೆಯನ್ನು ಅಡ್ಡಕ್ಕೆ, ಅಸಲಿ ಅಳತೆಯಲ್ಲೇ ಅಕ್ಕಪಕ್ಕ ಇಟ್ಟು ನೋಡಬಹುದು. ನಾಲ್ಕು ಮಡಿಕೆಯ ಆಮಂತ್ರಣ ಮಾಡುವಾಗ ಈ ಸುಖ ಏನು ಅಂತ ಮಾಡುವವರಿಗೇ ಗೊತ್ತು. ಒಳಪುಟದ ಕಾರ್ಯಕ್ರಮದ ಪಟ್ಟಿ, ದಾನಿಗಳ ಹೆಸರು, ಕವರ್ ಎಲ್ಲ ಒಟ್ಟಿಗೆ ಕಣ್ಣೆದುರು. ಝೂಮ್ ಮಾಡು, ಹಿಂದೆ ಬಾ, ಪುನಃ ಝೂಮ್ ಮಾಡು ಅನ್ನುವ ಕಿರಿಕಿರಿಯೇ ಇಲ್ಲ.

ಈಗ ಮುಖ್ಯ ವಿಷಯ, ಕೆಂಪು ಅಕ್ಷರ.

ಹಂಪನಕಟ್ಟೆಯ ಅಂಗಡಿಗೆ ನಾನು ಲ್ಯಾಪ್‌ಟಾಪ್ ಹಿಡಿದುಕೊಂಡೇ ಹೋಗಿದ್ದೆ. ಸೇಲ್ಸ್ ಹುಡುಗ ಪಾಪ, ಸಮುದ್ರ, ಹಕ್ಕಿ, ಹೂವು ಅಂತ ಡೆಮೊ ವಿಡಿಯೋ ತೋರಿಸ್ತಾ ಇದ್ದ. ಅದು ಎಲ್ಲ ಟಿವಿಯಲ್ಲೂ ಚೆಂದವೇ ಕಾಣುತ್ತೆ. "ಅಣ್ಣ, ಒಮ್ಮೆ ಇದನ್ನು ಹಾಕ್ತೇನೆ" ಅಂತ ಹಳದಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರದ ಒಂದು ಆಮಂತ್ರಣ ತೆರೆದೆ. "ಪ್ರತಿಷ್ಠೆ" ಅನ್ನೋ ಪದದಲ್ಲಿ ಷ ಕೆಳಗಿನ ಠ ಒತ್ತು ನೋಡಿ, ಪುಟ್ಟ ಸುತ್ತು, ಅದರ ಒಳಗೊಂದು ಚುಕ್ಕೆ. ಮೊದಲ ಟಿವಿಯಲ್ಲಿ ಆ ಚುಕ್ಕೆಯೇ ಕಾಣಲಿಲ್ಲ, ಸುತ್ತು ಪೂರ್ತಿ ತುಂಬಿಕೊಂಡಿತ್ತು. "ಧ್ವಜಾರೋಹಣ"ದ ಧ ಕೆಳಗಿನ ಗೀಟು ಮಸುಕು, ಹತ್ತಿರ ಹೋದರೂ ದ ಅಂತಲೇ ಓದಬೇಕು. ಅದೇ ಪುಟವನ್ನು ಬಿಳಿ ಮೇಲೆ ಕಪ್ಪು ಮಾಡಿದರೆ ಎಲ್ಲ ಸರಿ!

ಇದಕ್ಕೆ ಕಾರಣ ಉಂಟು. ಟಿವಿಗಳು ಎಷ್ಟೋ ಸಲ ಬೆಳಕಿನ ಮಾಹಿತಿಯನ್ನು ಪ್ರತಿ ಪಿಕ್ಸೆಲ್‌ಗೂ ಇಟ್ಟುಕೊಂಡು, ಬಣ್ಣದ ಮಾಹಿತಿಯನ್ನು ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಹಂಚಿಬಿಡುತ್ತವೆ. 4:2:0 ಅನ್ನೋದು ಇದನ್ನೇ. ಸಿನಿಮಾ ಬರೋದೇ ಹಾಗೆ, ಅದರಲ್ಲಿ ಏನೂ ಗೊತ್ತಾಗೋದಿಲ್ಲ. ಬಣ್ಣದ ಸಣ್ಣ ಅಕ್ಷರದಲ್ಲಿ ಮಾತ್ರ ಬಂಡವಾಳ ಹೊರಗೆ ಬರುತ್ತೆ. ನಮಗೆ ಬೇಕಾದದ್ದು 4:4:4, ಅಂದರೆ ಬಣ್ಣದ ಮಾಹಿತಿಯೂ ಪ್ರತಿ ಪಿಕ್ಸೆಲ್‌ಗೆ, ಅದೂ 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಸಲ ಚಿತ್ರ ಹೊಸದಾಗುವ ಹಾಗೆ). ಇಂಗ್ಲಿಷ್ ಮಾತ್ರ ಟೈಪ್ ಮಾಡುವವರಿಗೆ ಇದು ಅಷ್ಟು ಕಾಡಲಿಕ್ಕಿಲ್ಲ, ಆದರೆ ಒತ್ತಕ್ಷರ, ದೀರ್ಘ, ಸುತ್ತು ಎಲ್ಲ ಇರುವ ನಮ್ಮ ಲಿಪಿಗೆ ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ತಪ್ಪು ಕಣ್ಣಿಗೆ ಬೀಳದೆ ಸಾವಿರಾರು ಪ್ರತಿ ಪ್ರಿಂಟ್ ಆಗಿ ಹೋದರೆ ಯಾರು ಹೊಣೆ, ಹೇಳಿ?

ಹೆಚ್ಚಿನ ಟಿವಿಗಳಲ್ಲಿ ಇದನ್ನು ಸೆಟ್ಟಿಂಗಲ್ಲೇ ಸರಿ ಮಾಡಬಹುದು. ಸ್ಯಾಮ್‌ಸಂಗ್, ಎಲ್‌ಜಿ ಎರಡರಲ್ಲೂ ಎಚ್‌ಡಿಎಂಐ ಇನ್‌ಪುಟ್‌ನ (ಕಂಪ್ಯೂಟರಿನ ಕೇಬಲ್ ಸಿಕ್ಕಿಸುವ ಜಾಗದ) ಹೆಸರು ಅಥವಾ ಐಕಾನನ್ನು 'ಪಿಸಿ' ಅಂತ ಬದಲಿಸಬೇಕು, ಸೋನಿಯಲ್ಲಿ ಪಿಕ್ಚರ್ ಮೋಡನ್ನು 'ಗ್ರಾಫಿಕ್ಸ್' ಮಾಡಬೇಕು. ಹೆಸರು ಬದಲಿಸಿದರೆ ಚಿತ್ರ ಹೇಗೆ ಬದಲಾಗುತ್ತೆ ಅಂತ ಸೇಲ್ಸ್ ಹುಡುಗನಿಗೂ ಆಶ್ಚರ್ಯ, ಆದರೆ ನಾನು ತಗೊಂಡ ಟಿವಿಯಲ್ಲಿ ಹಾಗೆ ಮಾಡಿದ ಕೂಡಲೇ ಠ ಒತ್ತಿನ ಚುಕ್ಕೆ ಟಕ್ಕಂತ ಕಾಣಿಸಿತು. ಮೊದಲು ನೋಡಿದ್ದರಲ್ಲಿ ಏನು ಮಾಡಿದರೂ ಆಗಲಿಲ್ಲ. ಅಷ್ಟು ಹೊತ್ತು ಬೇಜಾರಿಲ್ಲದೆ ಒಂದೊಂದೇ ಟಿವಿ ಆನ್ ಮಾಡಿ ಕೊಟ್ಟ ಆ ಹುಡುಗನಿಗೆ ನಿಜವಾಗಿ ಥ್ಯಾಂಕ್ಸ್ ಹೇಳಬೇಕು, ಆನ್‌ಲೈನಲ್ಲಿ ತರಿಸಿದ್ದರೆ ಇದು ಆಗುತ್ತಿರಲಿಲ್ಲ.

ಮೌಸ್ ಎಳೆದಾಗ ಪಾಯಿಂಟರ್ ತಡವರಿಸಿಕೊಂಡು ಬಂದರೆ 30 ಹರ್ಟ್ಸಲ್ಲಿ ಓಡ್ತಾ ಉಂಟು ಅಂತ ಅರ್ಥ. ಎಚ್‌ಡಿಎಂಐ 1.4 ಇರುವ ಹಳೆ ಕಂಪ್ಯೂಟರ್ 4ಕೆಯಲ್ಲಿ ಅಷ್ಟೇ ಕೊಡೋದು, ಕನಿಷ್ಠ 2.0 ಬೇಕು. ಅಗ್ಗದ ಟೈಪ್-ಸಿ ಅಡಾಪ್ಟರ್‌ಗಳೂ ಎಷ್ಟೋ 30ಕ್ಕೇ ನಿಲ್ಲುತ್ತವೆ, ಟಿವಿಗೆ ಬೈಯುವ ಮೊದಲು ಅದನ್ನು ನೋಡಿ. ಟಾಸ್ಕ್‌ಬಾರ್ ಅರ್ಧ ಕಟ್ ಆಗಿದ್ದರೆ, ಚಿತ್ರ ಹಿಗ್ಗಿಸಿ ಅಂಚು ಕತ್ತರಿಸುವ ಓವರ್‌ಸ್ಕ್ಯಾನ್ ಆಫ್ ಮಾಡಿ. ಶಾರ್ಪ್‌ನೆಸ್ ಇಳಿಸಿ, ಇಲ್ಲದಿದ್ದರೆ ಅಕ್ಷರದ ಸುತ್ತ ಬಿಳಿ ಗೆರೆ ಬರುತ್ತೆ. ಬ್ಯಾಕ್‌ಲೈಟ್ ಅಂತೂ ಅರ್ಧಕ್ಕಿಂತ ಕೆಳಗೆ ತನ್ನಿ ಮಾರಾಯ್ರೆ, ಮನೆಯ ಹಾಲ್‌ನ ಆ ತುದಿಯಿಂದ ನೋಡಲು ಮಾಡಿದ ಬೆಳಕು ಅದು, ಎರಡೂವರೆ ಅಡಿಯಲ್ಲಿ ಕೂತರೆ ಕಣ್ಣು ಉರಿಯುತ್ತೆ.

ಕಿರಿಕಿರಿಗಳೂ ಇವೆ. ಕಂಪ್ಯೂಟರ್ ನಿದ್ದೆಗೆ ಹೋದರೆ ನನ್ನ ಟಿವಿ 'ನೋ ಸಿಗ್ನಲ್' ಅಂತ ಹಾಕಿ ಆಫ್ ಆಗುತ್ತೆ, ಪುನಃ ರಿಮೋಟ್ ಹುಡುಕಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೂ ಅದೇ ಕಥೆ, ಹಾಗಾಗಿ ಟಿವಿಯನ್ನೂ ಯುಪಿಎಸ್‌ಗೇ ಹಾಕಿದ್ದೇನೆ. ಟಿವಿಗೆ ಕೇಬಲ್ ಅಥವಾ ಡಿಶ್ ವಯರ್ ಕೊಡಲೇ ಇಲ್ಲ. ನಮ್ಮ ಕರಾವಳಿಯ ಸಿಡಿಲು ಗೊತ್ತಲ್ವಾ, ಆ ವಯರಿನಲ್ಲಿ ಬಂದದ್ದು ಎಚ್‌ಡಿಎಂಐ ಮೂಲಕ ಕಂಪ್ಯೂಟರಿಗೂ ದಾಟಬಹುದು. ಕೂರುವ ಜಾಗವೂ ನೋಡಿಕೊಳ್ಳಿ. ಎರಡು ಅಡಿಯ ಸಾಮಾನ್ಯ ಮೇಜು ಸಾಲದು, ಹತ್ತಿರ ಕೂತರೆ ಮೂಲೆ ನೋಡಲು ಕುತ್ತಿಗೆ ತಿರುಗಿಸಬೇಕು. ಟಿವಿಯನ್ನು ಗೋಡೆಗೆ ಹಾಕಿಸಿ ಮೇಜನ್ನು ಸ್ವಲ್ಪ ಹಿಂದೆ ಎಳೆದ ಮೇಲೆ ನನಗೆ ಸರಿಹೋಯಿತು. ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಓಎಲ್‌ಇಡಿ ಟಿವಿ ಮಾತ್ರ ಈ ಕೆಲಸಕ್ಕೆ ಬೇಡ, ದಿನವಿಡೀ ಒಂದೇ ಕಡೆ ನಿಲ್ಲುವ ಟಾಸ್ಕ್‌ಬಾರ್ ಅದರಲ್ಲಿ ಅಚ್ಚೊತ್ತಿ ಉಳಿದುಬಿಡಬಹುದು.

ಇನ್ನು ರೇಟ್ ವಿಷಯ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಇಷ್ಟೇ ದೊಡ್ಡ 4ಕೆ ಮಾನಿಟರ್ ವಿಚಾರಿಸಿದಾಗ ನನಗೆ ಹೇಳಿದ ರೇಟು ಟಿವಿಗಿಂತ ತುಂಬಾ ಮೇಲೆ ಇತ್ತು.

ಫೋಟೋದ ಬಣ್ಣ ಹೊಂದಿಸಲು ಮಾತ್ರ ನಾನು ಇದನ್ನು ನಂಬೋದಿಲ್ಲ. ಪಿಸಿ ಮೋಡಿನಲ್ಲೂ ಚರ್ಮದ ಬಣ್ಣ ಸ್ವಲ್ಪ ಕೆಂಪಗೆ ತೋರಿಸುತ್ತೆ, ಮದುಮಕ್ಕಳ ಫೋಟೋಕ್ಕೆ ಅದು ಆಗುವುದಿಲ್ಲ. ಅದಕ್ಕೆ ಹಳೆಯ 24 ಇಂಚಿನ ಮಾನಿಟರನ್ನು ಮಾರದೆ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ, ಅಕ್ಷರದ ಕೆಲಸ ಪೂರ್ತಿ ಟಿವಿಯಲ್ಲಿ.