ಶುಗರ್ ನೋಡಲು ಫೋನ್ ಸಾಕು ಅಂದರೂ ನಾನು ರೀಡರ್ ಬಿಡಲಿಲ್ಲ

ಶುಗರ್ ಅಳೆಯಲು ತೋಳಿಗೆ ಅಂಟಿಸುವ ಸೆನ್ಸರನ್ನು ಫೋನೇ ಓದುತ್ತದೆ. ಆ್ಯಪ್ ಹಾಕಿಕೊಂಡರೆ ಮುಗಿಯಿತು. ಹಾಗಿದ್ದೂ ಶುಗರ್ ನೋಡಲಿಕ್ಕೆ ಅಂತಲೇ ಇನ್ನೊಂದು ಡಬ್ಬಿ ಹೊತ್ತು ತಿರುಗುವುದು ಯಾಕಮ್ಮ ಅಂತ ಮಗಳು ಕೇಳುತ್ತಲೇ ಇರುತ್ತಾಳೆ. ನಾನು ಬಳಸುವುದು ಫ್ರೀಸ್ಟೈಲ್ ಲಿಬ್ರೆ 2 ಅನ್ನುವ ಸೆನ್ಸರಿನ ರೀಡರ್, ಅಂದರೆ ಸೆನ್ಸರಿನ ಅಂಕಿ ತೋರಿಸುವ ಪುಟ್ಟ ಯಂತ್ರ. ಇದೇ ಯೋಚನೆಯಲ್ಲಿರುವವರು ಇನ್ನೂ ಇರಬಹುದು ಅನ್ನಿಸಿ, ಅವಳಿಗೆ ಹೇಳುವುದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಟೈಪ್ 1 ಡಯಾಬಿಟಿಸ್. ಕಾಲೇಜಿನಲ್ಲಿ ಓದುವಾಗ ಶುರುವಾದ ಇನ್ಸುಲಿನ್, ಈಗ ಹೈಸ್ಕೂಲಿನಲ್ಲಿ ಗಣಿತ ಕಲಿಸುವಾಗಲೂ ಜೊತೆಗಿದೆ. ಮೊದಲೆಲ್ಲ ಶುಗರ್ ಇಳಿಯತೊಡಗಿದರೆ ದೇಹವೇ ಹೇಳುತ್ತಿತ್ತು. ಕೈ ನಡುಗುವುದು, ಬೆವರುವುದು, ಎದೆ ಡವಡವ ಅನ್ನುವುದು. ಬಹಳ ವರ್ಷ ಇನ್ಸುಲಿನ್ ತೆಗೆದುಕೊಂಡವರಲ್ಲಿ ಅನೇಕರಿಗೆ ಈ ಎಚ್ಚರಿಕೆ ಮಂಕಾಗುತ್ತದೆ. ನನಗೂ ಹಾಗೇ ಆಗಿದೆ. ಈಗ ಬೆವರು ಬರುವ ಹೊತ್ತಿಗೆ ತಲೆ ಓಡುವುದೇ ನಿಂತಿರುತ್ತದೆ. ಹಾಗಾಗಿ ಸೆನ್ಸರಿನ ಅಲಾರಾಂ ನನಗೆ ಶೋಕಿಯಲ್ಲ. ಈ ವಿಮರ್ಶೆಯಲ್ಲಿ ನಾನು ಅಳೆಯುವುದು ಮುಖ್ಯವಾಗಿ ಅದೊಂದನ್ನೇ. ಕೂಗಬೇಕಾದಾಗ ಕೂಗುತ್ತದಾ, ಇಲ್ವಾ?

ಮೊದಲು ಇದು ಕೆಲಸ ಮಾಡುವ ರೀತಿ. ತೋಳಿನ ಹಿಂಭಾಗಕ್ಕೆ ಅಂಟಿಸಿದ ಸೆನ್ಸರಿನಿಂದ ಕೂದಲಿನಂಥ ಎಳೆಯೊಂದು ಚರ್ಮದ ಕೆಳಗೆ ಇಳಿದಿರುತ್ತದೆ. ಅದು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ಸುತ್ತ ಇರುವ ದ್ರವದಲ್ಲಿನ ಗ್ಲುಕೋಸನ್ನು. ರಕ್ತದಲ್ಲಿ ಆದ ಬದಲಾವಣೆ ಅಲ್ಲಿ ಕಾಣಿಸಲು ಕೆಲವು ನಿಮಿಷ ತಡವಾಗುತ್ತದೆ. ಸೆನ್ಸರ್ 8 ಗಂಟೆಗಳ ಲೆಕ್ಕವನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ರೀಡರನ್ನು 4 ಸೆಂಟಿಮೀಟರ್ ಒಳಗೆ ಹಿಡಿದರೆ, ಬಟ್ಟೆಯ ಮೇಲಿನಿಂದಲೂ ಆ ಲೆಕ್ಕ ಪೂರ್ತಿ ಬಂದುಬಿಡುತ್ತದೆ. ಅಲಾರಾಂ ಮಾತ್ರ ಬ್ಲೂಟೂತ್‌ನಲ್ಲಿ ಬರುತ್ತದೆ. ಅಡ್ಡ ಏನೂ ಇಲ್ಲದಿದ್ದರೆ ಸುಮಾರು 6 ಮೀಟರ್ ದೂರದವರೆಗೆ ತಲುಪುತ್ತದೆ. ಸಂಪರ್ಕ 20 ನಿಮಿಷ ತಪ್ಪಿದರೆ, ಸಿಗ್ನಲ್ ಇಲ್ಲ ಅಂತ ಹೇಳಲಿಕ್ಕೂ ಒಂದು ಅಲಾರಾಂ ಇದೆ. ಇಷ್ಟರಲ್ಲಿ ಫೋನಿಗೂ ರೀಡರಿಗೂ ದೊಡ್ಡ ವ್ಯತ್ಯಾಸವಿಲ್ಲ. ಸೆನ್ಸರ್ ಒಂದೇ.

ವ್ಯತ್ಯಾಸ ಇರುವುದು ಅಲಾರಾಂ ತಲುಪಿದ ಮೇಲೆ.

ಫೋನ್ ಅಂದರೆ ನೂರು ಆ್ಯಪ್‌ಗಳ ಮನೆ. ಅಲ್ಲಿ ಯಾರು ಯಾವಾಗ ಮಾತಾಡಬಹುದು ಅಂತ ತೀರ್ಮಾನಿಸುವುದು ಶುಗರ್ ಆ್ಯಪ್ ಅಲ್ಲ, ಫೋನು. ಬ್ಯಾಟರಿ ಉಳಿಸುವ ನೆಪದಲ್ಲಿ ಹಿಂದೆ ಓಡುತ್ತಿರುವ ಆ್ಯಪನ್ನು ಅದು ಸುಮ್ನೆ ನಿಲ್ಲಿಸಿಬಿಡಬಹುದು. 'ತೊಂದರೆ ಕೊಡಬೇಡ' ಅನ್ನುವ ಸೆಟ್ಟಿಂಗ್ ಅಲಾರಾಂ ಬಾಯಿ ಮುಚ್ಚಿಸಬಹುದು. ಇಯರ್‌ಫೋನ್ ಜೋಡಿಸಿ ಮೇಜಿನ ಮೇಲೆ ಮರೆತಿದ್ದರೆ, ಅಲಾರಾಂ ಆ ಮೇಜಿಗೆ ಮಾತ್ರ ಕೇಳಿಸಬಹುದು. ನನ್ನ ಹಳೆಯ ಫೋನಿನಲ್ಲಿ ಆದದ್ದು ಇನ್ನೂ ಸರಳ. ರಾತ್ರಿ ಸಾಫ್ಟ್‌ವೇರ್ ಅಪ್‌ಡೇಟ್ ತಾನಾಗಿಯೇ ನಡೆದು, ಫೋನ್ ಆಫ್ ಆಗಿ ಆನ್ ಆಗಿ, ಪಿನ್ ಕೇಳುತ್ತಾ ಕೂತಿತ್ತು. ಆ್ಯಪ್ ಎದ್ದೇ ಇರಲಿಲ್ಲ. ಬೆಳಿಗ್ಗೆ ಸ್ಕ್ಯಾನ್ ಮಾಡಿದರೆ ಗ್ರಾಫಿನ ಗೆರೆ ನಸುಕಿನವರೆಗೂ 70ರ ಕೆಳಗೇ ಮಲಗಿದೆ (ಇಲ್ಲಿನ ಶುಗರ್ ಅಂಕಿಗಳೆಲ್ಲ ಎಂಜಿ/ಡಿಎಲ್‌ನಲ್ಲಿ; 70ಕ್ಕಿಂತ ಕೆಳಗೆ ಅಂದರೆ ಶುಗರ್ ಕಡಿಮೆ). ಅದರಲ್ಲಿ ಸ್ವಲ್ಪ ಭಾಗ ನಾನು ಆ ತೋಳಿನ ಮೇಲೆ ಮಲಗಿದ್ದರಿಂದಲೂ ಇರಬಹುದು. ಸೆನ್ಸರ್ ಮೇಲೆ ಭಾರ ಬಿದ್ದರೆ ಅದು ಇಲ್ಲದ ಲೋ, ಅಂದರೆ ಕಡಿಮೆ ಶುಗರ್, ತೋರಿಸುವುದುಂಟು. ಆದರೆ ಅದು ನಿಜವೋ ಸುಳ್ಳೋ ಅಂತ ಎದ್ದು ನೋಡಬೇಕಾದವಳು ನಾನು. ನನ್ನನ್ನು ಎಬ್ಬಿಸಬೇಕಿತ್ತು.

ಇದು ನನ್ನೊಬ್ಬಳ ಹಣೆಬರಹ ಅಂದುಕೊಂಡಿದ್ದೆ. ಆಮೇಲೆ 2025ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಈ ವಿಷಯಕ್ಕೇ ಒಂದು ಎಚ್ಚರಿಕೆ ಹೊರಡಿಸಿತು. ಫೋನಿಗೆ ಜೋಡಿಸಿದ ಡಯಾಬಿಟಿಸ್ ಸಾಧನಗಳ ಅಲಾರಾಂಗಳು ಕೆಲವರಿಗೆ ಬರುತ್ತಿಲ್ಲ, ಬಂದರೂ ಕೇಳಿಸುತ್ತಿಲ್ಲ ಅಂತ. ನೋಟಿಫಿಕೇಶನ್ ಸೆಟ್ಟಿಂಗ್, ಹೊಸದಾಗಿ ಜೋಡಿಸಿದ ಬ್ಲೂಟೂತ್ ಇಯರ್‌ಫೋನ್ ಅಥವಾ ಕಾರಿನ ಆಡಿಯೋ, ಸಾಫ್ಟ್‌ವೇರ್ ಅಪ್‌ಡೇಟ್ ಎಲ್ಲವೂ ಅದರಲ್ಲಿದ್ದವು. ತಿಂಗಳಿಗೊಮ್ಮೆಯಾದರೂ ಅಲಾರಾಂ ಸೆಟ್ಟಿಂಗ್ ನೋಡಿಕೊಳ್ಳಿ, ಅಪ್‌ಡೇಟ್ ತಾನಾಗಿ ಆಗದಂತೆ ಮಾಡಿ ಅಂತ ಸಲಹೆಯೂ ಇತ್ತು. ಒಳ್ಳೆಯ ಸಲಹೆಯೇ. ಫೋನ್ ಬಳಸುವವರು ಖಂಡಿತ ಪಾಲಿಸಬೇಕು. ಆದರೆ ಜೀವ ಕಾಯುವ ಅಲಾರಾಂಗೆ ನಾನೇ ಕಾವಲು ಕೂರಬೇಕು ಅಂದರೆ ಯಾಕೋ ಉಲ್ಟಾ ಅನ್ನಿಸುತ್ತದೆ, ಅಲ್ವಾ?

ರೀಡರಿಗೆ ಇಂಥ ಚಿಂತೆ ಇಲ್ಲ. ಅದಕ್ಕೆ ಕರೆ ಬರುವುದಿಲ್ಲ, ಮೆಸೇಜ್ ಬರುವುದಿಲ್ಲ, ಬೇರೆ ಆ್ಯಪ್ ಹಾಕಲಿಕ್ಕೂ ಆಗುವುದಿಲ್ಲ. ಲೋ ಅಲಾರಾಂ 60ರಿಂದ 100ರವರೆಗೆ ಎಲ್ಲಿ ಬೇಕಾದರೂ ಇಡಬಹುದು. ನಾನು 80ಕ್ಕೆ ಇಟ್ಟಿದ್ದೇನೆ. ಮೊದಲೇ ಹೇಳಿದ ಹಾಗೆ ಸೆನ್ಸರ್ ಸ್ವಲ್ಪ ಹಿಂದೆ ಇರುತ್ತದೆ. ಶುಗರ್ ಜೋರಾಗಿ ಇಳಿಯುತ್ತಿದ್ದರೆ, ಅದು 70 ಅನ್ನುವ ಹೊತ್ತಿಗೆ ರಕ್ತದ ಶುಗರ್ ಇನ್ನೂ ಕೆಳಗೆ ಹೋಗಿರಬಹುದು. ನಿಮಗೆ ಎಷ್ಟು ಸರಿ ಅನ್ನುವುದನ್ನು ಡಾಕ್ಟರ ಹತ್ತಿರ ಕೇಳಿ ಇಟ್ಟುಕೊಳ್ಳಿ.

ಈಗ ನನಗೆ ಅತಿ ಮುಖ್ಯ ಅನ್ನಿಸುವ, ಆದರೆ ಅಂಗಡಿಯವರು ಯಾರೂ ಹೇಳದ ವಿಷಯ. ಶುಗರ್ 50ರ ಆಸುಪಾಸು ಇದ್ದಾಗ ಫೋನ್ ಬಳಸಿ ನೋಡಿದ್ದೀರಾ? ಬೆವರಿದ ಬೆರಳನ್ನು ಫಿಂಗರ್‌ಪ್ರಿಂಟ್ ಒಪ್ಪುವುದಿಲ್ಲ. ಒರೆಸಿ ಇಟ್ಟರೂ ಒಪ್ಪುವುದಿಲ್ಲ. ಆಮೇಲೆ ಪಿನ್ ಕೇಳುತ್ತದೆ. ದಿನಾ ಒತ್ತುವ ಪಿನ್ನೇ, ಆದರೆ ಆಗ ನೆನಪಿಗೆ ಬರುವುದಿಲ್ಲ. ಹೇಗೋ ತೆರೆದರೆ ಆ್ಯಪ್ ಯಾವ ಪುಟದಲ್ಲಿದೆ ಅಂತ ಹುಡುಕಬೇಕು. ಅಷ್ಟರಲ್ಲಿ ಯಾರದೋ ಮೆಸೇಜ್ ಮೇಲಿನಿಂದ ಇಳಿಯುತ್ತದೆ. ಬೆರಳು ತಪ್ಪಿ ಅದರ ಮೇಲೇ ಬೀಳುತ್ತದೆ. ಅಲ್ಲಿಗೆ ನಾನು ಏನು ಮಾಡಲು ಹೊರಟಿದ್ದೆ ಅನ್ನುವುದೇ ಮರೆತುಹೋಗಿರುತ್ತದೆ. ಮೆದುಳಿಗೆ ಗ್ಲುಕೋಸ್ ಸಾಲದೆ ಇರುವಾಗ ಇದು ಹಾಗೇ. ಗಣಿತದ ಮೇಡಂಗೆ ಏಳೂ ಆರೂ ಕೂಡಿಸಲಿಕ್ಕೆ ಆಗದ ಸ್ಥಿತಿ.

ರೀಡರಿನಲ್ಲಿ ಪರದೆಯ ಕೆಳಗೆ ಒಂದು ಗುಂಡಿ ಇದೆ. ಅದನ್ನು ಒತ್ತುವುದು, ತೋಳಿಗೆ ಹಿಡಿಯುವುದು, ಅಷ್ಟೇ. ದೊಡ್ಡ ಅಂಕಿ, ಪಕ್ಕದಲ್ಲಿ ಶುಗರ್ ಏರುತ್ತಿದೆಯೋ ಇಳಿಯುತ್ತಿದೆಯೋ ತೋರಿಸುವ ಬಾಣ. ಪಾಸ್‌ವರ್ಡ್ ಕೇಳುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ, ಇದನ್ನು ನನ್ನ ಬದಲು ಬೇರೆಯವರೂ ಮಾಡಬಹುದು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುವ ಟೀಚರಿಗೆ ಹೇಳಿಕೊಟ್ಟಿದ್ದೇನೆ. "ನಾನು ಸಂಬಂಧವಿಲ್ಲದ್ದು ಮಾತಾಡಿದರೆ ಈ ಗುಂಡಿ ಒತ್ತಿ ಇಲ್ಲಿ ಹಿಡೀರಿ, ಅಂಕಿ 70ಕ್ಕಿಂತ ಕಡಿಮೆ ಇದ್ದರೆ ಗ್ಲುಕೋಸ್ ಮಾತ್ರೆ ಬಾಯಿಗೆ ಹಾಕಿ" ಅಂತ. "ನೀವು ಯಾವಾಗಲೂ ಹಾಗೇ ಮಾತಾಡ್ತೀರಲ್ಲ ಮೇಡಂ, ಗೊತ್ತಾಗೋದು ಹೇಗೆ" ಅಂದರು. ತಮಾಷೆ ಇರಲಿ, ಅವರಿಗೆ ನನ್ನ ಫೋನಿನ ಪಿನ್ ಕೊಡಬೇಕಾಗಲಿಲ್ಲ.

ಇನ್ನು ಪರೀಕ್ಷೆ ಡ್ಯೂಟಿ. ಪರೀಕ್ಷೆ ಕೊಠಡಿಯೊಳಗೆ ಮೇಲ್ವಿಚಾರಕರೂ ಫೋನ್ ತರುವ ಹಾಗಿಲ್ಲ. ಮೂರು ಗಂಟೆ ಫೋನ್ ಬೀರುವಿನಲ್ಲಿ, ನಾನು ಕೊಠಡಿಯಲ್ಲಿ. ರೀಡರಿಗೆ ಕ್ಯಾಮೆರಾ ಇಲ್ಲ, ಸಿಮ್ ಇಲ್ಲ, ಇಂಟರ್‌ನೆಟ್ ಇಲ್ಲ. ಇದು ವೈದ್ಯಕೀಯ ಸಾಧನ ಅಂತ ಡಾಕ್ಟರ ಪತ್ರ ಕೊಟ್ಟು ಮೊದಲೇ ಅನುಮತಿ ತೆಗೆದುಕೊಂಡೆ, ಸಲೀಸಾಗಿ ಸಿಕ್ಕಿತು. ಶಬ್ದ ತೆಗೆದು ಬರೀ ನಡುಗುವ ಹಾಗೆ ಇಟ್ಟುಕೊಂಡರೆ ಮಕ್ಕಳಿಗೂ ತೊಂದರೆಯಿಲ್ಲ. ಮಾಮೂಲಿ ತರಗತಿಯಲ್ಲೂ ಅಷ್ಟೇ. ಪಾಠದ ನಡುವೆ ಫೋನ್ ತೆಗೆದರೆ ಮೂವತ್ತು ಜೋಡಿ ಕಣ್ಣು, ಮಿಸ್ಸು ಮೆಸೇಜ್ ನೋಡ್ತಿದ್ದಾರೆ ಅಂತ. ರೀಡರ್ ತೆಗೆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಸ್ಟ್ರಿಪ್ ಹಾಕುವ ಕಿಂಡಿಯನ್ನೂ ಹೇಳಬೇಕು. ಇದೇ ರೀಡರಿನಲ್ಲಿ ಬೆರಳು ಚುಚ್ಚಿ ರಕ್ತದ ಶುಗರ್ ನೋಡಬಹುದು. ಅದಕ್ಕೆ ಹೊಂದುವ ಸ್ಟ್ರಿಪ್ಪೇ ಬೇಕು, ಸಿಕ್ಕಿದ್ದೆಲ್ಲ ಹಾಕಲಾಗದು. ಮೈಗೆ ಅನ್ನಿಸುವುದು ಒಂದು, ಸೆನ್ಸರ್ ಹೇಳುವುದು ಇನ್ನೊಂದು ಅಂತಾದಾಗ ಬೆರಳು ಚುಚ್ಚಿಯೇ ನೋಡಬೇಕು. ಆಗ ಬೇರೆ ಗ್ಲುಕೋಮೀಟರ್ ಹುಡುಕುವ ಕೆಲಸ ತಪ್ಪುತ್ತದೆ. ಡಬ್ಬಿ ಹೊತ್ತು ತಿರುಗುತ್ತೀಯ ಅನ್ನುವ ಮಗಳಿಗೆ ನನ್ನ ಉತ್ತರ ಇದು. ಗ್ಲುಕೋಮೀಟರ್ ಹೇಗೂ ಹೊರಬೇಕಿತ್ತು.

ಹಾಗಂತ ರೀಡರ್ ದೇವರು ಕೊಟ್ಟ ವರವೇನಲ್ಲ. ನೋಡಲಿಕ್ಕೆ ಹಳೇ ಕಾಲದ ಸಾಮಾನು. 90 ದಿನಗಳ ಲೆಕ್ಕ ಮಾತ್ರ ಅದರಲ್ಲಿ ನಿಲ್ಲುತ್ತದೆ. ಅದಕ್ಕೂ ಹಿಂದಿನದು ಬೇಕಿದ್ದರೆ ಆಗಾಗ ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ, ಲೆಕ್ಕ ಇಡುವ ಲಿಬ್ರೆವ್ಯೂ ಅನ್ನುವ ಆನ್‌ಲೈನ್ ಸೇವೆಗೆ ಕಳಿಸಬೇಕು. ಫೋನಾದರೆ ಅದು ತಾನಾಗಿಯೇ ಆಗುತ್ತದೆ. ಡಾಕ್ಟರು ಕೇಳುವ ಮುಖ್ಯ ಲೆಕ್ಕ, ಅಂದರೆ 70ರಿಂದ 180ರ ಒಳಗೆ ದಿನದ ಎಷ್ಟು ಪಾಲು ಇದ್ದಿರಿ ಅನ್ನುವುದು, ರೀಡರಿನಲ್ಲೂ ಸಿಗುತ್ತದೆ. ಹೆಚ್ಚಿನ ವಯಸ್ಕರಿಗೆ ಅದು ಶೇಕಡ 70ಕ್ಕಿಂತ ಜಾಸ್ತಿ ಇರಬೇಕು ಅನ್ನುವುದು ಗುರಿ. ಗಡಿಯಾರವನ್ನು ಕೈಯಾರೆ ಸರಿ ಮಾಡಬೇಕು. ಸಮಯ ತಪ್ಪಿದ್ದರೆ ಗ್ರಾಫೇ ಅಷ್ಟು ಅತ್ತಿತ್ತ ಆಗಿ, ಯಾವ ಇನ್ಸುಲಿನ್‌ಗೆ ಶುಗರ್ ಇಳಿಯಿತು ಅನ್ನುವುದು ಗೊತ್ತಾಗದೆ ಹೋಗುತ್ತದೆ.

ರೀಡರ್‌ಗಳಿಗೂ ದೋಷ ತಗಲಿದ್ದುಂಟು. 2023ರಲ್ಲಿ ಲಿಬ್ರೆ ರೀಡರ್‌ಗಳ ಲಿಥಿಯಂ ಬ್ಯಾಟರಿ ಊದಿಕೊಳ್ಳಬಹುದು, ಬಿಸಿಯಾಗಿ ಬೆಂಕಿ ಹತ್ತಲೂಬಹುದು ಅಂತ ಲಿಬ್ರೆ ತಯಾರಿಸುವ ಅಬಾಟ್ ಕಂಪನಿ ಎಚ್ಚರಿಕೆ ಕೊಟ್ಟಿತು. ಜೊತೆಗೆ ಬಂದ ಕೇಬಲ್ ಮತ್ತು ಅಡಾಪ್ಟರಿನಲ್ಲೇ ಚಾರ್ಜ್ ಮಾಡಿ ಅನ್ನುವುದು ಅದರ ತಾತ್ಪರ್ಯ. ನನ್ನ ಕೇಬಲ್ಲಿಗೆ ಕೆಂಪು ದಾರ ಕಟ್ಟಿದ್ದೇನೆ, ಮನೆಯಲ್ಲಿ ಯಾರೂ ಎತ್ತಿಕೊಂಡು ಹೋಗಬಾರದು ಅಂತ. 2025ರಲ್ಲಿ ಇಂಥದೇ ಸೆನ್ಸರ್ ತಯಾರಿಸುವ ಡೆಕ್ಸ್‌ಕಾಮ್ ಕಂಪನಿಯ ಕೆಲವು ರಿಸೀವರ್‌ಗಳನ್ನು (ಅವರ ರೀಡರಿಗೆ ಆ ಹೆಸರು) ಸ್ಪೀಕರ್ ದೋಷಕ್ಕಾಗಿ ವಾಪಸ್ ಕರೆಸಿದರು. ಅಲಾರಾಂ ಕೂಗದಿರಬಹುದು ಅನ್ನುವುದೇ ಅಲ್ಲಿದ್ದ ಭಯ. ಹಾಗಾಗಿ ಯಾವುದೇ ರೀಡರ್ ಕೊಂಡರೂ ಅದರ ಶಬ್ದ ಸರಿಯಾಗಿ ಬರುತ್ತಿದೆಯಾ ಅಂತ ಆಗಾಗ ಕೇಳಿ ನೋಡಿ.

ರೀಡರಿನ ನಿಜವಾದ ಕೊರತೆ ಇನ್ನೊಂದಿದೆ. ಅದು ಕೂಗಿದರೆ ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳಿಸುತ್ತದೆ. ದೂರದಲ್ಲಿರುವ ಮಗಳ ಫೋನಿಗೆ ನನ್ನ ಅಂಕಿ ಹೋಗುವುದಿಲ್ಲ. ಚಿಕ್ಕ ಮಗುವಿಗೆ ಟೈಪ್ 1 ಇದ್ದು ಮಗು ಶಾಲೆಗೆ ಹೋಗುತ್ತಿದ್ದರೆ, ಅಥವಾ ನೀವು ಒಬ್ಬರೇ ಮಲಗುವವರಾದರೆ, ಫೋನ್ ಆ್ಯಪ್ಪೇ ಸರಿ. ಅಲ್ಲಿ ರೀಡರ್ ಒಂದನ್ನೇ ನಂಬಿ ಅಂತ ನಾನು ಹೇಳಲಾರೆ. 2019ರ ನವೆಂಬರ್ ಕೊನೆಯಲ್ಲಿ ಅಂಕಿಯನ್ನು ಮನೆಯವರ ಫೋನಿಗೆ ಕಳಿಸುವ ಡೆಕ್ಸ್‌ಕಾಮ್‌ನ ಸೇವೆ ಕೆಟ್ಟು ಎಷ್ಟೋ ತಂದೆತಾಯಿಗಳು ಮಕ್ಕಳ ಅಂಕಿ ಕಾಣದೆ ಪರದಾಡಿದ್ದೂ ನಿಜ. ಹಾಗಾಗಿ ಆ ಸೌಲಭ್ಯವನ್ನೂ ಕಣ್ಣು ಮುಚ್ಚಿ ನೆಚ್ಚಿಕೊಳ್ಳಬೇಡಿ.

ಕೊಳ್ಳುವ ಮುಂಚೆ ನೋಡಬೇಕಾದ್ದು ಒಂದೆರಡು. ರೀಡರ್ ತೋರಿಸುವ ಅಂಕಿ ಯಾವ ಅಳತೆಯದು ಅಂತ ಡಬ್ಬಿಯ ಮೇಲೆ ಓದಿ. ಕೆಲವು ದೇಶಗಳಲ್ಲಿ ಎಂಜಿ/ಡಿಎಲ್, ಕೆಲವು ಕಡೆ ಎಂಎಂಒಎಲ್/ಎಲ್. ಲಿಬ್ರೆ ರೀಡರಿನಲ್ಲಿ ಇದನ್ನು ಆಮೇಲೆ ಬದಲಾಯಿಸಲು ಬರುವುದಿಲ್ಲ. ಎರಡರ ನಡುವೆ 18 ಪಟ್ಟು ವ್ಯತ್ಯಾಸ. ಗುಣಾಕಾರ ನನಗೆ ಕಷ್ಟವಲ್ಲ, ಆದರೆ ನಡುರಾತ್ರಿ ಲೋ ಆದಾಗ ಗುಣಾಕಾರ ಬೇಡವೇ ಬೇಡ. ರೀಡರೂ ಸೆನ್ಸರೂ ಒಂದೇ ಪೀಳಿಗೆಯವಾ ಅಂತಲೂ ಕೇಳಿ. ಮೊದಲ ಲಿಬ್ರೆಯ ರೀಡರ್ ಲಿಬ್ರೆ 2ರ ಸೆನ್ಸರನ್ನು ಓದುವುದಿಲ್ಲ.

ಎರಡೂ ಬೇಕು ಅನ್ನುವವರಿಗೆ ದಾರಿ ಇದೆ. ಡೆಕ್ಸ್‌ಕಾಮ್ ಜಿ6 ಸೆನ್ಸರಿನಲ್ಲಿ ರಿಸೀವರ್ ಮತ್ತು ಫೋನ್ ಒಟ್ಟಿಗೇ ನಡೆಯುತ್ತವೆ. ನನ್ನ ಲಿಬ್ರೆ 2ರಲ್ಲಿ ಸ್ವಲ್ಪ ಉಪಾಯ ಬೇಕು. ಹೊಸ ಸೆನ್ಸರ್ ಹಾಕಿದಾಗ ಮೊದಲು ರೀಡರಿನಿಂದ ಶುರು ಮಾಡುತ್ತೇನೆ. ಅದು ಸಿದ್ಧವಾಗಲು ತೆಗೆದುಕೊಳ್ಳುವ 60 ನಿಮಿಷದೊಳಗೆ ಫೋನಿನಲ್ಲೂ ಸ್ಕ್ಯಾನ್ ಮಾಡುತ್ತೇನೆ. ಹೀಗೆ ಮಾಡಿದರೆ ಎರಡರಲ್ಲೂ ಓದಬಹುದು, ಅಲಾರಾಂ ಮಾತ್ರ ಮೊದಲು ಶುರು ಮಾಡಿದ ರೀಡರಿಗೇ ಬರುತ್ತದೆ. ಫೋನಿನಲ್ಲಿ ಸ್ಕ್ಯಾನ್ ಮಾಡಿದಾಗೆಲ್ಲ ಮಗಳಿಗೆ ಅಂಕಿ ಹೋಗುತ್ತದೆ. ಅವಳೂ ಸಮಾಧಾನ, ನಾನೂ ಸಮಾಧಾನ. ಅನುಕ್ರಮ ಮಾತ್ರ ತಪ್ಪಬಾರದು. ಫೋನಿನಿಂದ ಶುರು ಮಾಡಿಬಿಟ್ಟರೆ ಆ ಸೆನ್ಸರ್ ಮುಗಿಯುವ 14 ದಿನವೂ ರೀಡರ್ ಅದನ್ನು ಓದುವುದಿಲ್ಲ.