ಅಪ್ಪನ ಕಣ್ಣಿಗೆ 5 ಸ್ಟಾರ್, ಕಿವಿಗೆ 3

ದಾವಣಗೆರೆಯಲ್ಲಿ ನಡೆದ ಒಂದು ಉಚಿತ ಕಣ್ಣು-ಕಿವಿ ಶಿಬಿರದ ಬಗ್ಗೆ ಬರೆಯುತ್ತಿದ್ದೇನೆ. ನಡೆಸಿದವರ ಹೆಸರು ಹಾಕುವುದಿಲ್ಲ. ಪುಕ್ಕಟೆ ಮಾಡಿಕೊಟ್ಟವರನ್ನೇ ಬೈದಳು ಅನ್ನಿಸಿಕೊಳ್ಳುವುದು ಯಾಕೆ, ಅಲ್ವಾ?

ನಾನು ವಿನೋಬನಗರದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಅಪ್ಪ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಮಗ್ಗ ಓಡಿಸಿದವರು. ಮಿಲ್ಲು ಮುಚ್ಚುವ ಹೊತ್ತಿಗೆ ಅದರ ಸದ್ದು ಅವರ ಕಿವಿ ತಿಂದು ಹಾಕಿತ್ತು. ಆಮೇಲೆ ಬಲಗಣ್ಣಿಗೆ ಪೊರೆ ಬಂತು.

ಕಣ್ಣಿನ ವಿಷಯದಲ್ಲಿ ಒಂದು ಮಾತಿಲ್ಲ. ಮೊದಲ ದಿನ ಬಿಪಿ, ಸಕ್ಕರೆ ನೋಡಿದರು. ಮಾರನೇ ದಿನ ಅವರದೇ ವ್ಯಾನಿನಲ್ಲಿ ಕರೆದೊಯ್ದು ಆಪರೇಷನ್ ಮಾಡಿ ಲೆನ್ಸ್ ಹಾಕಿದರು. ಹನಿ ಯಾವಾಗ ಹಾಕಬೇಕು ಅಂತ ಚೀಟಿಯಲ್ಲಿ ಸೂರ್ಯ, ಚಂದ್ರನ ಚಿತ್ರ ಬರೆದುಕೊಟ್ಟರು. ತಲೆಗೆ ನೀರು ಹಾಕಬೇಡಿ ಅಂತ ಫೋನ್ ಮಾಡಿ ನೆನಪಿಸಿದರು. ತಿಂಗಳಾದ ಮೇಲೆ ಅಪ್ಪ ಪಿ.ಬಿ. ರಸ್ತೆಯ ಆಚೆ ನಿಂತ ಬಸ್ಸಿನ ಬೋರ್ಡನ್ನು ಜೋರಾಗಿ ಓದಿದರು: 'ಜಗಳೂರು'. ನಮಗೆ ಹೋಗಬೇಕಿದ್ದದ್ದು ಹರಿಹರಕ್ಕೆ, ಅದು ಬೇರೆ ಮಾತು.

ಕಿವಿಯದು ಹಾಗಲ್ಲ. ಕಿವಿ ಕೇಳಿಸುವ ಮಿಷನ್ ಅದು, ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಡಿ ಕೊಡುತ್ತಾರೆ. ಅಂಗವಿಕಲತೆ 40% ಇದೆ ಅನ್ನೋ ಸರ್ಟಿಫಿಕೇಟು, ಆದಾಯ ಪತ್ರ ಎರಡೂ ಬೇಕು. ಕಾಗದ ಮಾಡಿಸಲು ನಾನು ಮೂರು ದಿನ ಅಂಗಡಿ ಮುಚ್ಚಿದೆ. ಪರೀಕ್ಷೆ ಮಾಡಿದ ಹುಡುಗಿ ಒಳ್ಳೆಯವಳು. ಮಿಷನ್ ಕಿವಿಗೆ ಸಿಕ್ಕಿಸಿ, 'ಕೇಳಿಸ್ತಾ ತಾತ?' ಅಂದಳು. ಅಪ್ಪ ತಲೆ ಆಡಿಸಿದರು. ಫೋಟೋ ತೆಗೆದರು. ಮುಗಿಯಿತು.

ಮನೆಗೆ ಬಂದ ಸಂಜೆಯೇ ಅಪ್ಪ ನನ್ನ ಹೊಲಿಗೆ ಮಿಷನ್ ಕಡೆ ತಿರುಗಿ, 'ಎಣ್ಣೆ ಒಣಗಿದೆ, ಕಿರ್ರ್ ಅಂತಿದೆ' ಅಂದರು. ನನಗೇ ಗೊತ್ತಾಗಿರಲಿಲ್ಲ! ಎಣ್ಣೆ ಬಿಟ್ಟೆ, ಸದ್ದು ನಿಂತಿತು.

ಆಮೇಲೆ ಎಡವಟ್ಟಾಯಿತು. ಕಿವಿ ಮಿಷನ್ನಿನ ಬ್ಯಾಟರಿ ಶರ್ಟಿನ ಗುಂಡಿಯಷ್ಟು ಸಣ್ಣದು, ಹಿಂದೆ ನೀಲಿ ಸ್ಟಿಕ್ಕರ್. ಆ ಸ್ಟಿಕ್ಕರ್ ಕಿತ್ತರೆ ಗಾಳಿ ಒಳಗೆ ಹೋಗಿ ಬ್ಯಾಟರಿ ಶುರುವಾಗುತ್ತೆ. ಮತ್ತೆ ಅಂಟಿಸಿದರೂ ಪ್ರಯೋಜನವಿಲ್ಲ. ಬಳಸಿ, ಬಿಡಿ, ಅದು ಖಾಲಿಯಾಗುತ್ತಲೇ ಇರುತ್ತೆ. ಇದನ್ನು ಯಾರೂ ಹೇಳಿರಲಿಲ್ಲ. ಅಪ್ಪ ಕೊಟ್ಟಿದ್ದ ಆರು ಬ್ಯಾಟರಿಯ ಸ್ಟಿಕ್ಕರನ್ನೂ ಒಟ್ಟಿಗೆ ಕಿತ್ತು ಡಬ್ಬಿಯಲ್ಲಿ ಜೋಡಿಸಿಟ್ಟಿದ್ದರು. ತಿಂಗಳು ಕಳೆದು ನೋಡಿದರೆ ಎಲ್ಲವೂ ಸತ್ತಿವೆ. ಕಿವಿಗೆ ಸಿಕ್ಕಿಸುವ ಗುಂಡು ಸಡಿಲವಾಗಿ ಕುಂಯ್ ಅಂತ ಬೇರೆ ಕೂಗುತ್ತಿತ್ತು. ಕೊಟ್ಟ ನಂಬರಿಗೆ ನಾಲ್ಕು ಸಲ ಫೋನ್ ಮಾಡಿದೆ. 'ಮುಂದಿನ ಶಿಬಿರಕ್ಕೆ ಬನ್ನಿ' ಅಂದರು. ಯಾವಾಗ? ಅದು ಅವರಿಗೂ ಗೊತ್ತಿಲ್ಲ. ಹೊಸ ಮಿಷನ್ ಕೇಳೋಣ ಅಂದರೆ 3 ವರ್ಷ ಕಾಯಬೇಕು, ನಿಯಮ ಹಾಗಿದೆ.

ಕೊನೆಗೆ ಕಿವಿಯ ಅಚ್ಚು ತೆಗೆಸಿ ಅಳತೆಗೆ ಸರಿಯಾದ ಗುಂಡು ನಾನೇ ದುಡ್ಡು ಕೊಟ್ಟು ಮಾಡಿಸಿದೆ. ಕುಂಯ್ ನಿಂತಿದೆ. ಬ್ಲೌಸನ್ನೇ ಅಳತೆ ತೆಗೆಯದೆ ಹೊಲಿಯಲ್ಲ, ಇನ್ನು ಕಿವಿ!

ಹೋಗುವವರು ಹೋಗಿ, ಬೇಡ ಅನ್ನಲ್ಲ. ಕಿವಿ ಮಿಷನ್ ಕೊಡುವಾಗ ಮಾತ್ರ ಫೋಟೋಗೆ ಎದ್ದು ನಿಲ್ಲುವ ಮೊದಲು ಬ್ಯಾಟರಿ ಹಾಕಿ ತೆಗೆಯುವುದನ್ನು ಅವರ ಮುಂದೆಯೇ ಎರಡು ಸಲ ಮಾಡಿ ತೋರಿಸಿ. ರಾತ್ರಿ ಬ್ಯಾಟರಿ ಬಾಗಿಲು ತೆಗೆದಿಡಬೇಕು, ಅದನ್ನೂ ಕೇಳಿಕೊಳ್ಳಿ. ಈಗ ಬ್ಯಾಟರಿ ಶೀಟು ನನ್ನ ಗುಂಡಿ ಡಬ್ಬಿಯಲ್ಲಿದೆ. ಅಪ್ಪನಿಗೆ ಒಂದೊಂದೇ ಕೊಡುತ್ತೇನೆ.