ಒಂದು ಬಿಲ್ಲು, ಮೂರು ರಿಲೀಸ್

ಬಿಲ್ಲು ಬದಲಾಗಲಿಲ್ಲ. ಅದೇ 60 ಪೌಂಡಿನ ಕಾಂಪೌಂಡ್, ಅಂದರೆ ತುದಿಗಳಲ್ಲಿ ರಾಟೆಗಳಿರುವ ಬಿಲ್ಲು. ಪೂರ್ತಿ ಎಳೆದ ಮೇಲೆ ಶೇ. 80ರಷ್ಟು ಭಾರ ಇಳಿದು, ಕೈಗೆ ಉಳಿಯುವುದು 12 ಪೌಂಡು. ನಾನು ಬದಲಾಯಿಸುತ್ತ ಹೋದದ್ದು ಹೆದೆಯನ್ನು ಬಿಡಿಸುವ ಪುಟ್ಟ ಸಾಧನವನ್ನು, ಅಂದರೆ ರಿಲೀಸನ್ನು. ಇಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಜಿಂಕೆಯ ಬಿಲ್ಲುಬೇಟೆ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ, ನವೆಂಬರ್ 15ಕ್ಕೆ ಬಂದೂಕಿನವರು ಕಾಡಿಗೆ ಇಳಿಯುತ್ತಾರೆ. (ನಮ್ಮ ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆಗೆ ನಿಷೇಧ. ಹೀಗಾಗಿ ಪರವಾನಗಿ ತೋರಿಸಿದರೂ ಅಮ್ಮನಿಗೆ ನಾನು ಜೈಲು ಸೇರುವ ಭಯ.)

ಮೊದಲನೆಯದು ಮಣಿಕಟ್ಟಿಗೆ ಕಟ್ಟಿಕೊಂಡು ತೋರುಬೆರಳಿನಿಂದ ಒತ್ತುವಂಥದ್ದು. ಬೇಟೆಗೆ ಮರವೇರಿ ಕೂತಾಗ ಕೈಯಿಂದ ಜಾರಿ ಬೀಳುವುದಿಲ್ಲ, ಕಲಿಯಲು ಒಂದು ಸಂಜೆ ಸಾಕು. ಆದರೆ ಬಿಲ್ಲಿಗೆ ಜೋಡಿಸಿದ ಗುರಿಯ ಪಿನ್ ಕಪ್ಪು ಚುಕ್ಕೆಯ ಹತ್ತಿರ ಸುಳಿದರೆ ಸಾಕು, ಬೆರಳು ನನ್ನನ್ನು ಕೇಳದೆ ಗಬಕ್ಕನೆ ಎಳೆದುಬಿಡುತ್ತಿತ್ತು. ಮಗಳು ಮೊಬೈಲಿನಲ್ಲಿ ತೆಗೆದ ವಿಡಿಯೊವನ್ನು ನಿಧಾನವಾಗಿ ಓಡಿಸಿ ನೋಡಿದೆ: ಬಾಣ ಬಿಲ್ಲಿನಲ್ಲಿರುವಾಗಲೇ ಕಣ್ಣು ಮುಚ್ಚಿವೆ, ಎಡಗೈಯ ಬೆರಳುಗಳು ಹಿಡಿಯನ್ನು ಅಮುಕಿವೆ. ಇಲ್ಲಿನ ಬಿಲ್ಲುಗಾರರು ಇದನ್ನು ‘ಟಾರ್ಗೆಟ್ ಪ್ಯಾನಿಕ್’ ಎನ್ನುತ್ತಾರೆ. ನನ್ನ ಬಾಣಗಳು ಎಡಕ್ಕೆ, ಕೆಳಕ್ಕೆ ಚೆಲ್ಲಾಡುತ್ತಿದ್ದವು.

ಎರಡನೆಯದು ಹಿಂಜ್. ಇದಕ್ಕೆ ಒತ್ತುವ ಕುದುರೆಯೇ (ಟ್ರಿಗರ್) ಇಲ್ಲ. ಬೆನ್ನಿನ ಬಲದಿಂದ ಎಳೆಯುತ್ತ ಹೋದಂತೆ ಮುಷ್ಟಿಯೊಳಗಿನ ಹಿಡಿ ಕೂದಲೆಳೆಯಷ್ಟು ತಿರುಗಿ, ಕೊಂಡಿ ತಾನಾಗಿ ಜಾರುತ್ತದೆ. ಯಾವಾಗ ಜಾರುತ್ತದೆಂದು ನನಗೇ ತಿಳಿಯದ ಕಾರಣ ಗಾಬರಿಯಾಗಲು ಸಮಯವೇ ಇಲ್ಲ. ಎಳೆಯುವಾಗ ಹೆಬ್ಬೆರಳಿನಿಂದ ತಡೆದು ಹಿಡಿದಿರಬೇಕು ಎಂಬುದನ್ನು ಮೂರನೇ ದಿನ ಮರೆತೆ. ಅರ್ಧ ಎಳೆದಾಗಲೇ ಹೆದೆ ಕಳಚಿ, ನನ್ನ ಮುಷ್ಟಿ ನನ್ನದೇ ತುಟಿಗೆ ಬಡಿಯಿತು. ಬಾಣ ಬೇಲಿಯ ಹಲಗೆಯಲ್ಲಿ ನಾಟಿತು. ರಕ್ತ ಒರೆಸಿಕೊಂಡು ಫೋಮ್ ಗುರಿಯ ಮುಂದೆ ಮೂರೇ ಹೆಜ್ಜೆ ದೂರದಲ್ಲಿ, ಕಣ್ಣು ಮುಚ್ಚಿ, ಆರು ವಾರ ಹೊಡೆದೆ. ಭುಜ ಇಳಿಯಿತು, ಎಡಗೈ ಸಡಿಲವಾಯಿತು. 20 ಗಜಕ್ಕೆ ಹಿಂತಿರುಗಿದಾಗ ಬಾಣಗಳು ಒಂದು ಅಂಗೈಯಗಲದಲ್ಲಿ ನಿಂತವು. ಕಲಿಸುವುದರಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಆದರೆ ನಡೆಯುತ್ತ ಬಂದ ಜಿಂಕೆ ಎರಡು ಕ್ಷಣ ನಿಲ್ಲುತ್ತದೆ. ಹಿಂಜ್ ತನ್ನ ಮುಹೂರ್ತಕ್ಕೇ ಕಾಯುತ್ತದೆ.

ಮೂರನೆಯದು ಹೆಬ್ಬೆರಳಿನ ಗುಂಡಿಯ ರಿಲೀಸ್. ಜಿಂಕೆ ಕಾಣಿಸುವ ಮೊದಲೇ ನನ್ನದನ್ನು ಹೆದೆಯ ಕುಣಿಕೆಗೆ ಸಿಕ್ಕಿಸಿ ಬಿಡಬಹುದು, ದಪ್ಪ ಕೈಗವಸು ಹಾಕಿಕೊಂಡರೂ ನಡೆಯುತ್ತದೆ. ಗುಂಡಿಯನ್ನು ಹೆಬ್ಬೆರಳಿನ ಬುಡಕ್ಕೆ ಒರಗಿಸಿ ಬೆನ್ನಿನಿಂದ ಎಳೆದರೆ ಇದೂ ಹಿಂಜಿನಂತೆಯೇ ಬಿಡುತ್ತದೆ. ಎರಡು ವಾರ ಹಾಗೆಯೇ ಬಿಟ್ಟಿತು. ಮೂರನೇ ವಾರ ಹೆಬ್ಬೆರಳು ತೋರುಬೆರಳಿನ ಬುದ್ಧಿ ಕಲಿಯಿತು. ಆದ್ದರಿಂದ ಈಗ ಹಿತ್ತಿಲಿಗೆ ಹಿಂಜ್, ಕಾಡಿಗೆ ಇದು. ಮೊದಲನೆಯದನ್ನು ಡ್ರಾಯರಿಗೆ ಎಸೆದೆ.

ಅಕ್ಟೋಬರಿನ ಎರಡನೇ ಶನಿವಾರ ಓಕ್ ಮರದಡಿ, 18 ಗಜದಲ್ಲಿ, ಹೆಣ್ಣು ಜಿಂಕೆಯೊಂದು ಪಕ್ಕೆ ತೋರಿಸಿ ನಿಂತಿತು. ಎಳೆದೆ. ಪಿನ್ ಮುಂಗಾಲಿನ ಹಿಂದೆ ಕೂತಿತು. ಅಷ್ಟರಲ್ಲಿ ಹೆಬ್ಬೆರಳು ಗುಂಡಿಯ ಕಡೆಗೆ ಧಾವಿಸುತ್ತಿರುವುದು ಅರಿವಿಗೆ ಬಂತು. ಹೆದೆಯನ್ನು ಮೆಲ್ಲನೆ ಇಳಿಸಿದೆ. ಜಿಂಕೆ ತಲೆಯೆತ್ತಿ ನೋಡಿ, ಬಿಳಿ ಬಾಲ ಬೀಸಿ, ಹಳ್ಳದ ಕಡೆಗೆ ಹಾರಿಹೋಯಿತು.

ಮರುದಿನ ಬೆಳಿಗ್ಗೆ ಹಿಂಜ್ ಹಿಡಿದು ಮತ್ತೆ ಫೋಮಿನ ಮುಂದೆ ಮೂರು ಹೆಜ್ಜೆ ದೂರದಲ್ಲಿ ಕಣ್ಣು ಮುಚ್ಚಿ ನಿಂತೆ.